ಸೊನ್ನಿ ಬರ್ಲಿಲ್ಲ, ಗೆರಿ ಬಾಗಿತ್ತು

ಎಮ್ಮಿಗಿ ಗಬ್ಬದ ಸೂಜಿ ಹಾಕ್ಲಿಕ್ಕ ಊರೂರು ಅಡ್ಡಾಡೋ ಒಬ್ಬ ಕಾಕಾ ಇರ್ಲಿಲ್ಲಂದ್ರ ನನ್ ಎಂಎಸ್ಸಿ ಪ್ರಾಜೆಕ್ಟ್ ಆಗ್ತಾನೇ ಇರ್ಲಿಲ್ಲ, ಖರೇನ ಹೇಳ್ತೀನಿ. ಫಿಸಿಕ್ಸಿಗೂ ಎಮ್ಮಿಗೂ ಏನ್ ಸಂಬಂಧ ಅಂತೀರಿ? ಲಿಕ್ವಿಡ್ ನೈಟ್ರೋಜನ್. ಕೋಣನ ವೀರ್ಯದ ಕಡ್ಡಿ ಕೆಡಬಾರ್ದಂತ ಅವ್ರು ಒಂದ್ ಕಂಟೇನರ್‌ದಾಗ ಅದನ್ನ ತುಂಬ್ಕೊಂಡು ಗಾಡಿ ಹಿಂದ ಕಟ್ಕೊಂಡು ತಿರುಗ್ತಾರ, ಮೈನಸ್ 196 ಡಿಗ್ರಿ, ಅಂದ್ರ 77 ಕೆಲ್ವಿನ್. ನನಗೂ ಅದೇ ಬೇಕಿತ್ತು. ಕಲಬುರಗಿಯೊಳಗ ನಾ ಓದ್ತಿದ್ದ ಕಡಿ ಲ್ಯಾಬಿಗಿ ನೈಟ್ರೋಜನ್ ಯಾವಾಗ ಬರ್ತದ ಯಾವಾಗ ಇಲ್ಲ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಹಂಗಾಗಿ ನಮ್ಮಪ್ಪನ ಗೆಳ್ಯಾ ಆದ ಈ ಕಾಕಾನ ಹಿಂದ ಬಿದ್ದೆ. "ಏನ್ ತಂಗಿ, ನೀನೂ ಎಮ್ಮಿ ಕಟ್ಟೀಯೇನ್?" ಅಂತ ನಕ್ಕು, ಎರಡು ಲೀಟರ್ ಮಿಕ್ಕಿದ್ದು ಕೊಟ್ಟ. ಅಲ್ಲಿಂದ ಶುರು.

ಅಲ್ಲ, ಶುರು ಅದಕ್ಕಿಂತ ನಾಕ್ ತಿಂಗಳ ಮೊದ್ಲೇ ಆಗಿತ್ತು. ಗೈಡ್ ಸರ್ ಹತ್ರ ಹೋಗಿ ಸೂಪರ್ ಕಂಡಕ್ಟರ್ ಮಾಡ್ತೀನ್ರಿ ಅಂದೆ. ಸೂಪರ್ ಕಂಡಕ್ಟರ್ ಅಂದ್ರ ಸಾಕಷ್ಟು ತಂಪು ಮಾಡಿದ್ರ ರೆಸಿಸ್ಟೆನ್ಸ್, ಅಂದ್ರ ಕರೆಂಟಿಗಿ ಆಗೋ ಅಡ್ಡಿ, ಪೂರಾ ಸೊನ್ನಿ ಆಗೋ ಸಾಮಾನು. ಯಾಕಂದ್ರ ಅದರ ಮ್ಯಾಲ ಅಯಸ್ಕಾಂತ ಗಾಳ್ಯಾಗ ತೇಲೋ ವಿಡಿಯೋ ನೋಡಿದ್ದೆ, ಅಷ್ಟೇ, ಬ್ಯಾರೆ ಯಾವ ದೊಡ್ಡ ಆಸಿನೂ ಇರ್ಲಿಲ್ಲ. ಸರ್ ಸುಮ್ನೆ ಕೇಳಿ, "ತೇಲ್ಸು, ಬ್ಯಾಡ ಅನ್ನಲ್ಲ. ಆದ್ರ ನೋಡವ್ವ, ತಂಪು ಮಾಡ್ಕೋತ ಗ್ರಾಫ್ ತಗದ್ರ ಎಲ್ರೂ ರೆಸಿಸ್ಟೆನ್ಸ್ ಸೊನ್ನಿಗಿ ಬೀಳೋ ಜಾಗಾನೇ ನೋಡ್ತಾರ, ನೀ ಅದರ ಮ್ಯಾಲಿನ ಗೆರಿ ನೋಡು" ಅಂದ್ರು. ಮ್ಯಾಲಿನ ಗೆರಿಯೊಳಗ ಏನದ ಅಂತ ಆಗ ನಂಗ ತಿಳೀಲಿಲ್ಲ, ಹೂಂ ಅಂದು ಬಂದೆ.

ಮಾಡ್ಬೇಕಾಗಿದ್ದು ವೈಬಿಸಿಒ. ಇಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು, ಆಕ್ಸಿಜನ್ ಆರು ಏಳರ ನಡಕ. ಈ ಆರು ಏಳರ ನಡಕ ಅನ್ನೋ ಮಾತು ನೆನಪಿಟ್ಕೊಳ್ರಿ, ನನ್ನ ಪೂರಾ ಕಥಿ ಅಲ್ಲೇ ಸಿಕ್ಕಾಕ್ಕೊಂಡದ. 1986ರಾಗ ಸ್ವಿಟ್ಜರ್ಲೆಂಡ್‌ನ ಐಬಿಎಂ ಲ್ಯಾಬ್‌ದಾಗ ಬೆಡ್ನಾರ್ಜ್ ಮತ್ತ ಮುಲ್ಲರ್ ಲ್ಯಾಂಥನಂ, ಬೇರಿಯಂ, ತಾಮ್ರದ ಆಕ್ಸೈಡ್‌ದಾಗ 30 ಕೆಲ್ವಿನ್ ಸುತ್ತಮುತ್ತ ಸೂಪರ್ ಕಂಡಕ್ಟಿವಿಟಿ ನೋಡಿದ್ರು, ಮರುವರ್ಷನೇ ನೊಬೆಲ್ ಬಂತು. 1987ರಾಗ ಅಮೆರಿಕದ ವೂ ಮತ್ತ ಚೂ ಅವರ ತಂಡಗಳು ಲ್ಯಾಂಥನಂ ಜಾಗಕ್ಕ ಇಟ್ರಿಯಂ ಹಾಕಿ ಸೀದಾ 93ಕ್ಕ ಒಯ್ದು ಬಿಟ್ರು. ಆ ವರ್ಷ ನಮ್ಮ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ಲ್ಯಾಬ್‌ನೋರೂ ಇದೇ ಸಾಮಾನಿನ ಮ್ಯಾಲ ಹಗಲು ರಾತ್ರಿ ಕೂತೋರು. 93 ಅಂದ್ರ 77ರ ಮ್ಯಾಲ ಆಯ್ತಲ್ಲ, ಅಂದ್ರ ತುಟ್ಟಿ ಹೀಲಿಯಂ ಬ್ಯಾಡ, ಕಾಕಾನ ಕಂಟೇನರ್ ಸಾಕು.

ತೂಕ ಮಾಡಿದ್ದು 1.13 ಗ್ರಾಂ ಇಟ್ರಿಯಂ ಆಕ್ಸೈಡ್, 3.95 ಗ್ರಾಂ ಬೇರಿಯಂ ಕಾರ್ಬೊನೇಟ್, 2.39 ಗ್ರಾಂ ಕಾಪರ್ ಆಕ್ಸೈಡ್. ಬೇರಿಯಂ ಕಾರ್ಬೊನೇಟ್ ವಿಷ, ಮಾಸ್ಕು ಗ್ಲೌಸು ಹಾಕ್ಕೊಂಡೇ ಮುಟ್ಬೇಕು. ಮೂರೂ ಹಾಕಿ ಅಗೇಟ್ ಕಲ್ಲಿನ ಕುಟ್ಟಾಣಿಯೊಳಗ ಅರಿಯೋದು, ಕುಟ್ಟೋದಲ್ಲ, ಅರಿಯೋದು, ಎರಡ್ ತಾಸು. ನಮ್ಮಜ್ಜಿ ಎಲಿ ಅಡಿಕಿ ಕುಟ್ಟುವಾಗ ನಾ ನಗ್ತಿದ್ದೆ, ಈಗ ರಟ್ಟಿ ಬಿದ್ದೋದ್ವು. ಮೊದ್ಲನೇ ಸಲ ಒಂದು ತಾಸಿಗೇ ಸಾಕಂತ ಬಿಟ್ಟೆ, 900 ಡಿಗ್ರಿ ಮ್ಯಾಲ ರಾತ್ರಿಯೆಲ್ಲ ಕಾಯಿಸಿ ಮುಂಜಾನಿ ತೆಗೆದು ನೋಡಿದ್ರ ಕರ್ರಗ ಇರ್ಬೇಕಾಗಿದ್ದ ಪುಡಿಯೊಳಗ ಹಸಿರು ಹಸಿರು. ಹಸರ್ ಕಾಳು ಪುಡಿ ಮಾಡಿದಂಗ. ಸೀನಿಯರ್ ಅಕ್ಕ ಬಂದು ನೋಡಿ "ಟೂ ಒನ್ ಒನ್ ಆಗ್ಯಾದ" ಅಂದ್ಲು, ಇಟ್ರಿಯಂ ಎರಡು ಬೇರಿಯಂ ಒಂದು ತಾಮ್ರ ಒಂದು ಕೂಡಿ ಆಗೋ ಬ್ಯಾರೆ ಸಾಮಾನು, ಕರೆಂಟ್ ಹರಿಯೋದಿಲ್ಲ ಏನಿಲ್ಲ. ನಾಕ್ ದಿನದ ಕೆಲ್ಸ ನೀರಾಗ ಹೋಯ್ತು. ಆಮ್ಯಾಲ ಮೂರ್ ಸಲ ಅರ್ದು, ಮೂರ್ ಸಲ ಸುಟ್ಟು, ಪ್ರತಿ ಸಲ ಬಣ್ಣ ನೋಡಿ ನೋಡಿ, ಕಡೀಗಿ ಕಾಡಿಗಿ ಹಂಗ ಕರ್ರಗಾದಾಗ ನಾ ಲ್ಯಾಬಿನ್ಯಾಗ ಒಬ್ಬಾಕಿನೇ ಕುಣಿದೀನಿ, ಯಾರಿಗೂ ಹೇಳ್ಬ್ಯಾಡ್ರಿ.

ಪುಡಿನ ಡೈ ಅನ್ನೋ ಅಚ್ಚಿನ್ಯಾಗ ಹಾಕಿ ಪ್ರೆಸ್ ಮಾಡಿದ್ರ ಗುಳಿಗಿ ಆಗ್ತದ, ಪೆಲೆಟ್ ಅಂತೀವಿ. ಅದನ್ನ 940 ಡಿಗ್ರಿಯೊಳಗ ಆಕ್ಸಿಜನ್ ಬಿಡ್ತಾ 24 ತಾಸು, ಆಮ್ಯಾಲ ನಿಮಿಷಕ್ಕೊಂದು ಡಿಗ್ರಿ ಹಂಗ ಇಳ್ಸಿ 450ರಾಗ ಮತ್ತೊಂದು ದಿನ ಕೂಡ್ಸೋದು. ಜನ ಈ ಕಡೀ ಭಾಗಾನೇ ಅವಸರ ಮಾಡ್ತಾರ. 940ರಾಗ ಗುಳಿಗಿ ಗಟ್ಟಿ ಆಗ್ತದ, ಖರೆ, ಆದ್ರ ಆ ಬಿಸಿಯೊಳಗ ಆಕ್ಸಿಜನ್ ಹೊರಗ ಓಡಿ ಹೋಗಿರ್ತದ, ಅದು ವಾಪಸ್ ಒಳಗ ಬರೋದು 600ರಿಂದ 400ರ ತನಕ ಮೆತ್ತಗ ಆರುವಾಗ. ಇಳಕಲ್ ಸೀರಿ ಮಡಚಿದಂಗ ನಿಧಾನ ಮಾಡ್ಬೇಕು. ಮೊದ್ಲನೇ ಗುಳಿಗಿ ಹಂಗೇ ಮಾಡ್ದೆ, ಎ ಅಂತ ಹೆಸರಿಟ್ಟೆ. ಥರ್ಮಾಕೋಲ್ ಕಪ್‌ನ್ಯಾಗ ಇಟ್ಟು ಕಾಕಾನ ನೈಟ್ರೋಜನ್ ಸುರದೆ, ಬುಸ್ ಬುಸ್ ಅಂತ ಕುದ್ದು ಸುಮ್ಮನಾದ ಮ್ಯಾಲ ಸಣ್ಣ ಅಯಸ್ಕಾಂತ ಇಕ್ಕಳದಿಂದ ಬಿಟ್ಟೆ, ನಿಂತು ಬಿಡ್ತು. ಗಾಳ್ಯಾಗ. ಬೆರಳಿಂದ ದೂಡಿದ್ರ ಗಿರ್ರನೆ ತಿರುಗ್ತದ, ಬೀಳಾಂಗಿಲ್ಲ. ಕಾಕಾ ಕಂಟೇನರ್ ವಾಪಸ್ ಒಯ್ಲಿಕ್ಕ ಬಂದಿದ್ದ, ಬಗ್ಗಿ ಕೆಳಗ ಮ್ಯಾಲ ದಾರ ಗೀರ ಅದೇನಂತ ಕೈ ಆಡಿಸಿ ನೋಡಿದ.

ಬಿ ಗುಳಿಗಿದು ಬ್ಯಾರೆ ಹಣೇಬರಹ. ಏಪ್ರಿಲ್ ತಿಂಗಳು, ಕಲಬುರಗಿ ಬಿಸಲು ನಿಮಗ ಹೇಳೋದೇ ಬ್ಯಾಡ, ಮಧ್ಯಾಹ್ನ 42 ಮುಟ್ಟಿತ್ತು, ರಸ್ತಾದ ಡಾಂಬರು ಚಪ್ಪಲಿಗಿ ಅಂಟತಿತ್ತು, ಅಂಥಾದ್ರಾಗ ಫರ್ನೇಸ್ ರೂಮಿನ್ಯಾಗ ಕೂಡೋದು. ರಾತ್ರಿ ಕರೆಂಟ್ ಹೋಯ್ತು, ಬಂತು, ಮತ್ತ ಹೋಯ್ತು, ಪ್ರೋಗ್ರಾಮ್ ಮತ್ತ ಮೊದಲಿಂದ ಶುರು ಆಯ್ತು, ಹಂಗಾಗಿ ನನ್ ಲೆಕ್ಕ ಎಲ್ಲಾ ಎಂಟ್ ತಾಸು ಹಿಂದ ಬಿತ್ತು. ಮುಂಜಾನಿ ಒಂಬತ್ತಕ್ಕ ಪಿಎಚ್‌ಡಿ ಮಾಡೋ ಅಣ್ಣಂದು ಫರ್ನೇಸ್ ಬುಕಿಂಗ್, ಆಂವ ಬಂದು ಬಾಗಿಲ್ದಾಗ ನಿಂತಾನ, ಮೀಟರ್ ನೋಡಿದ್ರ ಇನ್ನೂ 600, ಆಕ್ಸಿಜನ್ ಸಿಲಿಂಡರ್ ನಡುರಾತ್ರಿನೇ ಖಾಲಿ ಆಗಿ ಗಾಳಿಯೊಳಗೇ ಕೂತಿತ್ತು ಗುಳಿಗಿ. ಏನ್ ಮಾಡ್ಲಿ. ಇಕ್ಕಳದಿಂದ ಗುಳಿಗಿ ಇಟ್ಟಿದ್ದ ಬೋಟ್ ಹಿಡ್ದು ಕೆಂಪಗಿದ್ದಿದ್ದನ್ನ ಹಂಗೇ ಹೊರಗ ಎಳ್ದು ಸ್ಟೀಲ್ ಪ್ಲೇಟ್ ಮ್ಯಾಲ ಇಟ್ಟೆ. ಟಣ್ ಅಂತ ಸಪ್ಪಳ ಆಯ್ತು, ಒಡೀಲಿಲ್ಲ ಪುಣ್ಯ. ಅಣ್ಣ ಪಾಪ "ಮೊದ್ಲೇ ಹೇಳಿದ್ರ ಮಧ್ಯಾಹ್ನ ಬರ್ತಿದ್ದೆ ಅಲ್ಲವ್ವ" ಅಂದ, ಆಗ ಅಳು ಬಂತು ನೋಡ್ರಿ.

ಬಿ ತೇಲ್ಲಿಲ್ಲ. ಅಯಸ್ಕಾಂತ ಇಟ್ಟ್ರ ಕಲ್ಲಿನ ಮ್ಯಾಲ ಕಲ್ಲು ಇಟ್ಟಂಗ ಕೂತು ಬಿಡ್ತು. ಎಸೀಬೇಕಂತಿದ್ದೆ, ಸರ್ "ಬಂದಿದ್ದು ಬರ್ಲಿ, ರೆಸಿಸ್ಟೆನ್ಸ್ ತಗಿ" ಅಂದ್ರು.

ರೆಸಿಸ್ಟೆನ್ಸ್ ತಗೆಯೋದು ಅಂದ್ರ ಮಲ್ಟಿಮೀಟರ್ ಹಚ್ಚೋದಲ್ಲ, ಗುಳಿಗಿಂದು ಇರೋದೇ ಒಂದು ಓಮ್‌ನ ನೂರನೇ ಭಾಗದಷ್ಟು, ವೈರಿನ ರೆಸಿಸ್ಟೆನ್ಸೇ ಅದಕ್ಕಿಂತ ಜಾಸ್ತಿ ಆಗ್ತದ. ಅದಕ್ಕ ನಾಕ್ ವೈರ್, ಹೊರಗಿನ ಎರಡ್ರಾಗ 10 ಮಿಲಿಆಂಪ್ ಕರೆಂಟ್, ಒಳಗಿನ ಎರಡ್ರಿಂದ ವೋಲ್ಟೇಜ್. ಸಿಲ್ವರ್ ಪೇಸ್ಟ್‌ನಿಂದ ಕೂದಲಿನಂಥ ವೈರ್ ಅಂಟ್ಸುವಾಗ ಫ್ಯಾನ್ ಹಾಕಾಂಗಿಲ್ಲ, ಬೆವರು ಹನಿ ಗುಳಿಗಿ ಮ್ಯಾಲ ಬೀಳಾಂಗಿಲ್ಲ, ಈ ಸಾಮಾನಿಗಿ ನೀರು ಕಂಡ್ರ ಆಗಲ್ಲ. ಪ್ರತಿ ಡಿಗ್ರಿಗೂ ಕರೆಂಟ್ ಒಮ್ಮಿ ಆ ಕಡಿ ಒಮ್ಮಿ ಈ ಕಡಿ ತಿರುಗ್ಸಿ ಸರಾಸರಿ ತಗೊಳೋದು, ಇಲ್ಲಂದ್ರ ಬಿಸಿ ತಂಪಿನ ವ್ಯತ್ಯಾಸದಿಂದ ವೈರಿನ್ಯಾಗೇ ಹುಟ್ಟೋ ಸುಳ್ಳು ವೋಲ್ಟೇಜ್ ಸೇರ್ಕೋತದ. ಎಲ್ಲರ ಗ್ರಾಫೂ 300 ಕೆಲ್ವಿನ್‌ನಿಂದ ಶುರು ಆಗ್ತಾವ, ರೂಮ್ ಟೆಂಪರೇಚರ್ ಅಂತ. ನಂದು 312ರಿಂದ. ಸರ್ ನೋಡಿ "ಕಲಬುರಗಿ ಗ್ರಾಫ್ ಅಂದ್ರ ಇದು" ಅಂದ್ರು.

ಎ ಗುಳಿಗಿ ಗ್ರಾಫ್ ನೋಡಿದ್ರ ಸ್ಕೇಲ್ ಇಟ್ಟು ಗೀಚಿದಂಗ. 312ರಿಂದ ನೂರರ ಹತ್ರ ತನಕ ಸೀದಾ ಗೆರಿ, ಆಮ್ಯಾಲ 91ಕ್ಕ ಬಾವಿಗಿ ಬಿದ್ದಂಗ ಸೊನ್ನಿ. ನಾ ಸೊನ್ನಿ ನೋಡಿ ಖುಷಿ ಪಟ್ಟೆ, ಸರ್ ಸೀದಾ ಗೆರಿ ಮ್ಯಾಲ ಬೆರಳಿಟ್ರು. "ಇದು ಇಷ್ಟ್ ಸೀದಾ ಯಾಕದ ಹೇಳು?" ತಂತಿಯೊಳಗಿನ ತಾಮ್ರನೂ ಸೀದಾನೇ ಇರ್ತದಲ್ರಿ ಅಂದೆ. ಅದು ಖರೆ ಅಂದ್ರು ಸರ್, ಆದ್ರ ತಾಮ್ರದ ತಂತಿ ತಂಪಾದಂಗ ಒಂದು ಕಡಿ ಗೆರಿ ಬಾಗಿ ಚಪ್ಪಟ್ ಆಗ್ತದ, ಯಾಕಂದ್ರ ಅಲ್ಲಿ ಎಲೆಕ್ಟ್ರಾನಿಗಿ ಅಡ್ಡ ಬರೋದು ಪರಮಾಣುಗಳ ಅಲುಗಾಟ, ಅದು ತಂಪಿನ್ಯಾಗ ನಿಲ್ತದ. ಈ ಕುಪ್ರೇಟ್‌ಗಳೊಳಗ, ಅಂದ್ರ ವೈಬಿಸಿಒದಂಥ ತಾಮ್ರದ ಆಕ್ಸೈಡ್‌ಗಳೊಳಗ, ಹಂಗಲ್ಲ, ಇವರ ಅಣ್ತಮ್ಮ ಲ್ಯಾಂಥನಂ ಸ್ಟ್ರಾನ್ಷಿಯಂ ಸಾಮಾನಿನ್ಯಾಗ ಸಾವಿರ ಕೆಲ್ವಿನ್ ತನಕನೂ ಗೆರಿ ಸೀದಾ ಹೊಂಟದ, ಮಾಮೂಲಿ ಲೋಹ ಆಗಿದ್ರ ಅಷ್ಟೊತ್ತಿಗಿ ಸುಸ್ತಾಗಿ ಬಾಗ್ಬೇಕಿತ್ತು. ಎಲೆಕ್ಟ್ರಾನ್ ಒಂದೊಂದಾಗಿ ಓಡ್ತಾವ ಅನ್ನೋ ಲೆಕ್ಕಾನೇ ಇಲ್ಲಿ ಕೂಡಾಂಗಿಲ್ಲ. ಇದಕ್ಕ ಹೆಸರೂ ಹಂಗೇ ಇಟ್ಟಾರ, ವಿಚಿತ್ರ ಲೋಹ ಅಂತ. ಹೆಸರಿಟ್ರು, ಕಾರಣ ಮಾತ್ರ ಇನ್ನೂ ಜಗಳದಾಗೇ ಅದ.

ಈಗ ಬಿ. 312ರಿಂದ ಶುರು, ಎ ಕ್ಕಿಂತ ಮೂರು ಪಟ್ಟು ಜಾಸ್ತಿ ರೆಸಿಸ್ಟೆನ್ಸ್, ಇಳಕೋತ ಇಳಕೋತ ಬಂತು, 77ಕ್ಕ ಬಂದು ನಿಂತ್ರೂ ಸೊನ್ನಿ ಇಲ್ಲ. ಸುಮ್ನೆ ಸುರದ ನೈಟ್ರೋಜನ್ ಅದಕ್ಕಿಂತ ತಳಗ ಒಯ್ಯಾಂಗಿಲ್ಲ, ಅಲ್ಲಿಗಿ ರಸ್ತಾ ಬಂದ್. ನಾಕ್ ತಿಂಗಳು, ಫೇಲ್, ಅಂತ ಡೈರಿಯೊಳಗ ಬರ್ದೆ ಕೂಡ. ಮರುದಿನ ಸರ್ ಆ ಗ್ರಾಫ್ ಪ್ರಿಂಟ್ ತಗೊಂಡು ಉದ್ದ ಸ್ಕೇಲ್ ಒಂದನ್ನ ಮ್ಯಾಲಿನ ಭಾಗಕ್ಕ ಹೊಂದ್ಸಿ ಇಟ್ರು, 312, 300, 280, 250, ಚುಕ್ಕಿ ಎಲ್ಲಾ ಸ್ಕೇಲಿಗಿ ಅಂಟ್ಕೊಂಡೇ ಅವ. 220ರ ಹತ್ರ ಚುಕ್ಕಿ ಸ್ಕೇಲ್ ಬಿಟ್ಟು ತಳಗ ಜಾರ್ಲಿಕ್ಕ ಶುರು. ಸ್ವಲ್ಪೇ ಸ್ವಲ್ಪ. ಸ್ಕೇಲ್ ಇಡ್ಲಿಲ್ಲಂದ್ರ ಕಾಣಾಂಗೇ ಇಲ್ಲ. ಸರ್ ಏನೂ ಅನ್ಲಿಲ್ಲ, ಕನ್ನಡಕ ತಗದು ಒರಸ್ಕೊಂಡು ಮತ್ತ ಹಾಕ್ಕೊಂಡು ಮತ್ತ ನೋಡಿದ್ರು, ಆಮ್ಯಾಲ "ಚಹಾ ಕುಡದು ಬರೋಣ ನಡಿ" ಅಂದ್ರು.

ಆ ಚಹಾದ ಅಂಗಡಿಯೊಳಗ ಕೇಳಿದ್ದನ್ನೇ ನಾ ಈಗ ಹೇಳ್ಲಿಕತ್ತೀನಿ, ನನ್ ಮಾತಿನ್ಯಾಗ. ಈ ಸಾಮಾನಿನೊಳಗ ತಾಮ್ರ ಮತ್ತ ಆಕ್ಸಿಜನ್‌ನ ಹಾಳಿ ಅವ, ಆಟ ಎಲ್ಲಾ ಆ ಹಾಳಿ ಮ್ಯಾಲೇ. ಆಕ್ಸಿಜನ್ ಆರು ಇದ್ದಾಗ ಹಾಳಿ ಹೆಂಗಂದ್ರ ಜಾತ್ರಿ ದಾಸೋಹದ ಪಂಗತಿ ಇದ್ದಂಗ, ಒಂದೊಂದು ಎಲಿ ಮುಂದ ಒಬ್ಬೊಬ್ಬ ಕೂತಾನ, ಒಂದೇ ಎಲಿಗಿ ಇಬ್ಬರು ಕೂಡ್ಲಿಕ್ಕ ಬಗಿಹರಿಯಾಂಗಿಲ್ಲ, ಹಂಗಾಗಿ ಯಾರೂ ಸರ್ಯಾಂಗಿಲ್ಲ. ಪುಸ್ತಕದ ಲೆಕ್ಕದಾಗ ಇದು ಕರೆಂಟ್ ಹರಿಯೋ ಲೋಹ ಆಗ್ಬೇಕು, ಆದ್ರ ಎಲೆಕ್ಟ್ರಾನ್‌ಗಳು ಒಂದಕ್ಕೊಂದು ದೂಡ್ಕೊಂಡು ಇದ್ದಲ್ಲೇ ಬೇರು ಬಿಟ್ಟಾವ, ಮಾಟ್ ಇನ್ಸುಲೇಟರ್ ಅಂತಾರ. ಮ್ಯಾಲಾಗಿ ಪಕ್ಕದ ಪಕ್ಕದ ಎಲೆಕ್ಟ್ರಾನಿನ ಸ್ಪಿನ್, ಅಂದ್ರ ಎಲೆಕ್ಟ್ರಾನಿಗಿ ಇರೋ ಸಣ್ಣ ಅಯಸ್ಕಾಂತದಂಥ ಗುಣ, ಒಂದು ಮ್ಯಾಲ ಒಂದು ತಳಗ. ಈಗ ಆಕ್ಸಿಜನ್ ಜಾಸ್ತಿ ಮಾಡ್ದಂಗ ಅದು ಬಾಜೂಕಿನ ಸರಪಳಿಯೊಳಗ ಕೂತು ಹಾಳಿಯಿಂದ ಎಲೆಕ್ಟ್ರಾನ್ ಎಳ್ಕೋತದ, ಪಂಗತಿಯೊಳಗ ಜಾಗ ಖಾಲಿ ಆಗ್ತದ, ಉಳ್ದೋರು ಸರೀಲಿಕ್ಕ ಬರ್ತದ. ಏಳರ ಹತ್ರ ಬಂದ್ರ ಎ ಗುಳಿಗಿ. ಆರು ಏಳರ ನಡಕ ಸಿಕ್ಕಾಕ್ಕೊಂಡ್ರ ಬಿ ಗುಳಿಗಿ. ನನ್ನ ಗಡಿಬಿಡಿಯೊಳಗ 600 ಡಿಗ್ರಿಗೇ ಎಳೆದ್ನಲ್ಲ, ಆಕ್ಸಿಜನ್ ಪೂರ್ತಿ ಒಳಗ ಹೋಗ್ಲಿಕ್ಕ ಟೈಮೇ ಸಿಗ್ಲಿಲ್ಲ. ಆಮ್ಯಾಲ ಕೆಮಿಸ್ಟ್ರಿಯೋರ ಕೈಕಾಲು ಹಿಡ್ದು ಅಯೋಡಿನ್ ಟೈಟ್ರೇಷನ್ ಮಾಡಿ ಆಕ್ಸಿಜನ್ ಎಷ್ಟದಂತ ನೋಡ್ದಾಗ ಬಂದ ನಂಬರ್ 6.6.

ಈ ನಡಕಿನ ಜಾಗದಾಗೇ ಎಲ್ಲಾ ಗದ್ದಲ. ಸೂಪರ್ ಕಂಡಕ್ಟರ್ ಆಗೋದಕ್ಕ ಇನ್ನೂ ನೂರೈವತ್ತು ಡಿಗ್ರಿ ದೂರ ಇರುವಾಗಲೇ ಎಲೆಕ್ಟ್ರಾನ್‌ಗಳ ಲೆಕ್ಕದಾಗ ಖೋತಾ ಬೀಳ್ತದ, ಕೆಲವು ದಿಕ್ಕಿನ್ಯಾಗ ಓಡೋ ಎಲೆಕ್ಟ್ರಾನ್‌ಗಳಿಗಿ ಇರ್ಬೇಕಾದ ಜಾಗಾನೇ ಮಾಯ, ಬ್ಯಾರೆ ದಿಕ್ಕಿನ್ಯಾಗ ಹಂಗೇ ಉಳ್ದಿರ್ತಾವ. ಪೂರಾ ಗ್ಯಾಪ್ ಅಲ್ಲ, ಗ್ಯಾಪ್ ಇಲ್ಲಾಂತನೂ ಅಲ್ಲ, ಅದಕ್ಕ ಸೂಡೋಗ್ಯಾಪ್, ಹುಸಿ ಗ್ಯಾಪ್ ಅಂತಾರ. 1989ರಾಗ ಫ್ರಾನ್ಸಿನ ಆಲೂಲ್ ಅನ್ನೋರ ತಂಡ ಇದೇ ವೈಬಿಸಿಒದೊಳಗಿನ ಇಟ್ರಿಯಂನ ಎನ್‌ಎಂಆರ್, ಅಂದ್ರ ಅಯಸ್ಕಾಂತ ಮತ್ತ ರೇಡಿಯೋ ಅಲಿ ಬಳಸೋ ಪರೀಕ್ಷಾ, ಮಾಡಿ ಇದರ ಗುರುತು ಹಿಡ್ದಿತ್ತು, ಆಕ್ಸಿಜನ್ ಕಡಿಮಿ ಇರೋ ಸ್ಯಾಂಪಲ್‌ದಾಗ ತಂಪು ಮಾಡ್ದಂಗ ಅಯಸ್ಕಾಂತಕ್ಕ ಸ್ಪಿನ್‌ಗಳ ಪ್ರತಿಕ್ರಿಯೆ ಸಣ್ಣಗಾಗ್ತಾ ಹೋಗ್ತದಂತ. ರೆಸಿಸ್ಟೆನ್ಸಿನ್ಯಾಗ ಅದೇ ಸಂಗತಿ ಗೆರಿ ತಳಗ ಜಾರಿದಂಗ ಕಾಣ್ತದ, ಎಲೆಕ್ಟ್ರಾನಿಗಿ ಅಡ್ಡ ಬರ್ತಿದ್ದ ಸ್ಪಿನ್ ಗದ್ದಲ ಕಡಿಮಿ ಆಗಿ ದಾರಿ ತುಸು ಸಲೀಸು. ಸೂಪರ್ ಕಂಡಕ್ಟರ್‌ದಾಗ ಎಲೆಕ್ಟ್ರಾನ್‌ಗಳು ಜೋಡಿ ಕಟ್ಟಿ ಒಂದೇ ತಾಳಕ್ಕ ಓಡ್ತಾವ. ಇದು ಅದಕ್ಕ ಮುಂಚಿನ ತಯಾರಿಯೋ, ಅಂದ್ರ ಎಲೆಕ್ಟ್ರಾನ್ ಜೋಡಿ ಕಟ್ಟ್ಯಾವ ಆದ್ರ ಇನ್ನೂ ಒಂದೇ ತಾಳಕ್ಕ ಬಂದಿಲ್ಲ ಅಂತನೋ, ಇಲ್ಲಾ ಸೂಪರ್ ಕಂಡಕ್ಟಿವಿಟಿ ಕೂಡ ಜಗಳ ಆಡೋ ಬ್ಯಾರೇನೇ ಒಂದು ಅವತಾರವೋ, ಇದಕ್ಕ ಮೂವತ್ತು ವರ್ಷದ ಮ್ಯಾಲಾಯ್ತು ಕುಸ್ತಿ ನಡದು.

ಊರಿಗಿ ಹೋದಾಗ ಅಪ್ಪ ಕೇಳಿದ, ಏನ್ ಮಾಡೀದಿ ಹೇಳು ಅಂತ. ಸೂಡೋಗ್ಯಾಪ್ ಹೆಂಗ ಹೇಳ್ಲಿ, ಹೊಲದ ಬದುವಿನ ಮ್ಯಾಲ ಕೂತು ಕುಪ್ರೇಟ್‌ದಾಗ ಸ್ಟ್ರೈಪ್ ಅನ್ನೋ ಸಾಲಿನ ಸಂಗತಿ ಹೇಳ್ದೆ. ನಮ್ಮ ಹೊಲದಾಗ ತೊಗರಿ ನಡುನಡುವ ಅಕ್ಕಡಿ ಸಾಲು ಹೆಸರು ಹಾಕ್ತೀವಲ್ಲ, ಹಂಗೇ ಕೆಲವು ಕುಪ್ರೇಟ್‌ದಾಗ ಖಾಲಿ ಜಾಗಗಳು ಚದುರಿ ಕೂಡೋ ಬದಲಿ ಸಾಲಾಗಿ ನಿಲ್ತಾವ, ಎರಡು ಸಾಲಿನ ನಡಕ ಸ್ಪಿನ್‌ಗಳ ಪಟ್ಟಿ. 1995ರಾಗ ಟ್ರಾಂಕ್ವಾಡಾ ಅನ್ನೋರ ತಂಡ ನ್ಯೂಟ್ರಾನ್ ಬಿಟ್ಟು ಇದನ್ನ ಕಂಡಿತ್ತು, ಎಂಟು ತಾಮ್ರಕ್ಕ ಒಂದು ಖಾಲಿ ಜಾಗ ಇದ್ದಾಗ ಈ ಸಾಲು ಭಾಳ ಗಟ್ಟಿ, ನಾಕು ನಾಕು ತಾಮ್ರಕ್ಕೊಂದು ಸಾಲು, ಅಲ್ಲಿ ಸೂಪರ್ ಕಂಡಕ್ಟಿವಿಟಿ ಹೆಚ್ಚು ಕಮ್ಮಿ ಸತ್ತೇ ಹೋಗ್ತದ. 2012ರಾಗ ಎಕ್ಸ್‌ರೇ ಬಿಟ್ಟು ನೋಡಿದ್ರ ವೈಬಿಸಿಒದೊಳಗೂ ಎಲೆಕ್ಟ್ರಾನ್ ಸಾಂದ್ರತೆಯ ಇಂಥದೇ ಅಲಿ ಸಿಕ್ತು. ಅಪ್ಪ ತಲಿ ಆಡ್ಸಿ, "ಸಾಲು ಗಟ್ಟಿ ಆದ್ರ ನಡಕ ಎಡಿ ಹೊಡೀಲಿಕ್ಕ ಬರ್ತದ, ಅಡ್ಡ ಹಾಯ್ಲಿಕ್ಕ ಬರಾಂಗಿಲ್ಲ" ಅಂದ. ನಾ ಕಣ್ಣು ಬಿಟ್ಟೆ. ಹೆಚ್ಚು ಕಮ್ಮಿ ಅದೇ ಮಾತು ನೋಡ್ರಿ.

ಒಂದು ಮಾತು ಮುಚ್ಚಿಡಬಾರ್ದು. ಬಿ ಗ್ರಾಫ್ ಸಿಕ್ಕ ಕೂಡ್ಲೇ ಸೂಡೋಗ್ಯಾಪ್ ಹಿಡ್ದೆ ಅಂತ ನಾನೇ ಊರೆಲ್ಲ ಡಂಗುರ ಸಾರ್ತಿದ್ದೆ, ಸರ್ ಬಿಡ್ಲಿಲ್ಲ. ಗುಳಿಗಿ ಅಂದ್ರ ಒಂದೇ ಹರಳಲ್ಲ, ಸಾವಿರ ಸಾವಿರ ಕಾಳು ಅಂಟ್ಕೊಂಡ ಉಂಡಿ, ಕಾಳಿನ ಅಂಚಿನ್ಯಾಗ ಏನ್ ಬೇಕಾದ್ರೂ ಆಗ್ಬಹುದು, ಹೊರಗಿನ ಪದರದಾಗ ಆಕ್ಸಿಜನ್ ಜಾಸ್ತಿ ಒಳಗ ಕಡಿಮಿ ಇರ್ಬಹುದು, ಸೆನ್ಸರ್ ಒಂದು ಕಡಿ ಗುಳಿಗಿ ಒಂದು ಕಡಿ ಇದ್ರ ತಂಪು ಮುಟ್ಟೋದ್ರಾಗೇ ಹಿಂದ ಮುಂದ. ಅದಕ್ಕ ಮೂರ್ ಸಲ ಮತ್ತ ಅಳತಿ. ಇಳ್ಸುವಾಗ ಒಮ್ಮಿ, ಏರ್ಸುವಾಗ ಒಮ್ಮಿ, ವೈರ್ ಕಿತ್ತು ಹೊಸದಾಗಿ ಅಂಟ್ಸಿ ಒಮ್ಮಿ. ಏರ್ಸುವಾಗ ಐದು ತಾಸು, ನಾನು ನೋಟ್‌ಬುಕ್ಕು ಉಪ್ಪಿಟ್ಟಿನ ಡಬ್ಬಿ. ಪ್ರತಿ ಸಲ ಕಾಕಾಗ ಫೋನ್, ಪ್ರತಿ ಸಲ ಆಂವ "ಎಮ್ಮಿ ಇನ್ನೂ ಗಬ್ಬ ಆಗಿಲ್ಲೇನ ತಂಗಿ" ಅನ್ನೋದು. 220ರ ಬಾಗು ಹತ್ತು ಡಿಗ್ರಿ ಆ ಕಡಿ ಈ ಕಡಿ ಆಯ್ತು, ಹೋಗ್ಲಿಲ್ಲ. ರಿಪೋರ್ಟಿನ್ಯಾಗ ಬರ್ದಿದ್ದು ಇಷ್ಟೇ, ಸೀದಾ ಗೆರಿಯಿಂದ ಜಾರೋದು ಕಂಡದ, ಆಕ್ಸಿಜನ್ ಕಡಿಮಿ ಇರೋ ವೈಬಿಸಿಒದಾಗ ಸೂಡೋಗ್ಯಾಪ್‌ಗ ಹೇಳೋ ಲಕ್ಷಣಕ್ಕ ಹೊಂದ್ತದ.

ವೈವಾ ದಿನ ಹೊರಗಿಂದ ಬಂದ ಎಕ್ಸಾಮಿನರ್ ಎ ಗ್ರಾಫಿಗಿ ತಲಿ ಆಡ್ಸಿ ಬಿ ಗ್ರಾಫ್ ತೆಗೆದು "ಇದರಾಗ ಟ್ರಾನ್ಸಿಷನ್ ಇಲ್ಲಲ್ಲವ್ವ, ಇದು ಸೂಪರ್ ಕಂಡಕ್ಟರ್ ಅಂತ ಹೆಂಗ ಅಂತಿ?" ಅಂದ್ರು. 6.6 ಇದ್ರ ಸೊನ್ನಿ 60ರ ಹತ್ರ ಬರ್ತದ್ರಿ, ನನ್ನ ಹತ್ರ 77 ತನಕ ಮಾತ್ರ ದಾರಿ ಇತ್ತು ಅಂದೆ. ಹಂಗಂದ್ರ ನೀ ನೋಡಿಲ್ಲ ಅಂದ್ರು. ನೋಡಿಲ್ರಿ ಅಂದೆ. ಅಲ್ಲಿಗಿ ಬಿಟ್ಟು ಸ್ಕೇಲಿಂದ ಏನ್ ನೋಡೀದಿ ಅದನ್ನ ತೋರ್ಸು ಅಂದ್ರು, ಅದ್ರ ಮ್ಯಾಲೇ ಇಪ್ಪತ್ತು ನಿಮಿಷ ಹೋಯ್ತು.

ಬಿ ಗುಳಿಗಿನ ಸಿಲಿಕಾ ಜೆಲ್ ಹಾಕಿದ ಡಬ್ಬಿಯೊಳಗ ಇಟ್ಟು ಬೆಂಗಳೂರಿಗಿ ಹೊಂಟಿದ್ದ ಸೀನಿಯರ್ ಅಕ್ಕನ ಕೈಯಾಗ ಕೊಟ್ಟಿದ್ದೆ, ಅಲ್ಲಿ 77ಕ್ಕಿಂತ ತಳಗ ಒಯ್ಯೋ ಹೀಲಿಯಂ ಮಷೀನ್ ಅದ, ಟೈಮ್ ಸಿಕ್ಕ್ರ ಹಾಕು ಅಂತ. ಎರಡ್ ತಿಂಗಳು ಸುದ್ದಿ ಇಲ್ಲ. ಮಳಿ ಶುರು ಆಗಿ ತೊಗರಿ ಬಿತ್ತಿ ಮುಗಿದಿತ್ತು, ಒಂದು ಸಂಜಿ ವಾಟ್ಸಾಪ್‌ನ್ಯಾಗ ಫೋಟೋ ಬಂತು, ಕೆಳಗ ಬರೀ ಒಂದು ನಂಬರ್, 58. ಅಪ್ಪ ಭುಜದ ಮ್ಯಾಲಿಂದ ಬಗ್ಗಿ "ಬಂತೇನ ಸೊನ್ನಿ?" ಅಂದ. ಬಂದದಪ್ಪ ಅಂದೆ. ತಮ್ಮನ ಕಂಪಾಸ್ ಡಬ್ಬಿಯಿಂದ ಆರಿಂಚಿನ ಸ್ಕೇಲ್ ತಗೊಂಡು ಫೋಟೋ ದೊಡ್ಡದು ಮಾಡಿ ಸ್ಕ್ರೀನ್ ಮ್ಯಾಲ ಇಟ್ಟೆ. 300, 280, 250, ಅಂಟ್ಕೊಂಡೇ ಬಂದ್ವು ಚುಕ್ಕಿ. 220 ದಾಟಿದ ಮ್ಯಾಲ ಸ್ಕೇಲ್ ಬಿಟ್ಟು ತುಸು ತಳಗ.